ದಿಬ್ಬದ ತಿರುವಿನ ವಿಜಯಪೀಠ

ವೇದಿಕೆಯ ನಡುವೆ ಕೈಯುಳ್ಳ ಕುರ್ಚಿಯಲ್ಲಿ ಕೂತು ಆಗಲೇ ಎರಡು ಸಲ ಗಡಿಯಾರ ನೋಡಿಕೊಂಡ ಅಧ್ಯಕ್ಷರಾದ ಪಾಂಡುರಂಗ ಶಾನಭಾಗರೇ, ಧಾರವಾಡದಿಂದ ಬಸ್ಸಿನಲ್ಲಿ ಘಟ್ಟ ಇಳಿದು, ಆ ತಿರುವುಗಳಲ್ಲಿ ಕಳೆದುಕೊಂಡ ಮುಖದ ಬಣ್ಣವನ್ನು ಈಗಷ್ಟೇ ಮರಳಿ ಪಡೆಯುತ್ತಿರುವ ಮುಖ್ಯ ಅತಿಥಿ ಪ್ರಾಧ್ಯಾಪಕರೇ, ಕೆಳಗಿನಕೇರಿ ತರುಣ ಸಂಘದ ಕಾರ್ಯದರ್ಶಿಯೂ ನನ್ನ ಹಳೆಯ ವಿದ್ಯಾರ್ಥಿಯೂ ಆದ ಚಿರಂಜೀವಿ ವೆಂಕಟನೇ, ಮುಂದಿನ ಸಾಲಿನ ಗಣ್ಯರೇ, ಹಿಂದಿನ ಸಾಲಿನ ಇನ್ನೂ ಹೆಚ್ಚಿನ ಗಣ್ಯರೇ, ಬಾಗಿಲ ಬಳಿ ನೆಲದ ಮೇಲೆ ಕೂತಿರುವ ತಾಯಂದಿರೇ, ಮತ್ತು ಇದು ಬೇಗ ಮುಗಿದರೆ ನಾಟಕ ಬೇಗ ಶುರುವಾಗುತ್ತದೆ ಎಂದು ನಂಬಿ ಚಪ್ಪಾಳೆ ತಟ್ಟುತ್ತಿರುವ ಸಭಿಕರೇ,

ಹತ್ತು ನಿಮಿಷದ ಹಿಂದೆ ವೆಂಕಟ ನನ್ನ ಪರಿಚಯ ಓದಿದ. ಕೇಳುತ್ತಾ ಕೇಳುತ್ತಾ ಆ ಮಹಾನುಭಾವನನ್ನು ಒಮ್ಮೆ ಕಣ್ಣಾರೆ ನೋಡಬೇಕು ಎಂದು ನನಗೇ ಆಸೆಯಾಯಿತು. ಶ್ರೀ ಮಾಬ್ಲೇಶ್ವರ ನಾಯ್ಕರು ನಮ್ಮ ಸೀಮೆಯ ಹತ್ತು ಗುಪ್ತ ಐತಿಹಾಸಿಕ ಸ್ಥಳಗಳನ್ನು ಬೆಳಕಿಗೆ ತಂದವರು ಎಂದ. ಮಹನೀಯರೇ, ನಾನು ಇಪ್ಪತ್ತೊಂಬತ್ತು ವರ್ಷ ಗಣಿತ ಕಲಿಸಿದವ. ಹತ್ತು ಎಂದರೆ ಹತ್ತೇ ಇರಬೇಕು. ಇಲ್ಲಿರುವುದು ಒಂಬತ್ತು. ವೆಂಕಟ ಎಂಟನೆಯ ಇಯತ್ತೆಯಲ್ಲೂ ಹೀಗೇ ಒಂದು ಹೆಚ್ಚು ಬರೆಯುತ್ತಿದ್ದ. ಆಗ ಕಿವಿ ಹಿಂಡುವ ಅಧಿಕಾರ ನನಗಿತ್ತು. ಈ ಸಲ ತಪ್ಪು ಅವನದಲ್ಲ. ಆ ಹತ್ತನೆಯದನ್ನು ಸೇರಿಸಿದವನು ನಾನು.

ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಪ್ರಾಧ್ಯಾಪಕರ ಅಮೃತಹಸ್ತದಿಂದ ಆ ಹತ್ತನೆಯ ಸ್ಥಳದ ಸುತ್ತ ಮಂಟಪ ಕಟ್ಟಲು ಅಡಿಗಲ್ಲು ಇಡಿಸುವವರಿದ್ದೀರಿ. ಅಧ್ಯಕ್ಷರು ನಲವತ್ತು ಚೀಲ ಸಿಮೆಂಟು ದಾನ ಕೊಟ್ಟಿದ್ದಾರೆ. ಚಪ್ಪಾಳೆ ತಟ್ಟಿದ್ದು ಸರಿ, ದಾನ ದೊಡ್ಡದು. ಆದರೆ ಆ ಅಡಿಗಲ್ಲು ಕೂತರೆ ಒಬ್ಬ ಹೆಂಗಸಿನ ದಾರಿ ಕಾಯಮ್ಮಾಗಿ ಮುಚ್ಚಿಹೋಗುತ್ತದೆ. ಅದನ್ನು ಇಡಬೇಡಿ ಎಂದು ಕೇಳಲಿಕ್ಕೇ ನಾನು ಎದ್ದು ನಿಂತದ್ದು. ನೇರವಾಗಿ ಹೇಳುವ ಧೈರ್ಯ ನನಗಿಲ್ಲ, ಬಳಸಿಕೊಂಡು ಬರುತ್ತೇನೆ. ದಯವಿಟ್ಟು ಜೊತೆಗೆ ಬನ್ನಿ.

ಇತಿಹಾಸಕ್ಕೂ ನನಗೂ ಸಂಬಂಧ ಹೇಗೆ ಬಂತು? ದೇಶಾಭಿಮಾನದಿಂದ ಬಂತೇ? ಇಲ್ಲ. ಓದಿನಿಂದ ಬಂತೇ? ಇಲ್ಲ. ಹಸಿವಿನಿಂದ ಬಂತು. ಎಪ್ಪತ್ತೊಂದರಲ್ಲಿ ನನಗೆ ಭಟ್ಕಳಕ್ಕೆ ವರ್ಗವಾಯಿತು. ಸಂಸಾರ ಇಲ್ಲಿ, ನಾನಲ್ಲಿ. ವಾರದ ದಿನಗಳಲ್ಲಿ ಖಾನಾವಳಿ ಇತ್ತು. ಆದಿತ್ಯವಾರ ಖಾನಾವಳಿಗೆ ರಜೆ. ಹೊಟ್ಟೆಗೆ ರಜೆ ಇರಲಿಲ್ಲ. ಹಾಗೆಂದು ಗುರುತಿಲ್ಲದವರ ಮನೆಯೆದುರು ನಿಂತು ಊಟ ಕೇಳಲು ಬರುತ್ತದೆಯೇ? ಮಾಸ್ತರಿಕೆಯ ಮರ್ಯಾದೆ! ಒಂದು ದಿನ ಹಳೇ ಪೇಟೆಯ ಓಣಿಯಲ್ಲಿ ಒಂದು ಮನೆಯ ಮುಂದೆ, ಅಡುಗೆಯ ಪರಿಮಳಕ್ಕೆ ಕಾಲು ತಾನೇ ನಿಂತಿತು. ಜಗಲಿಯ ಮೇಲಿದ್ದ ನವಾಯತ ಯಜಮಾನರು ಏನು ಬೇಕಿತ್ತು ಎಂದು ಕೇಳಿದರು. ಬಿರಿಯಾನಿ ಎನ್ನಲು ನಾಲಿಗೆ ಹೊರಳಲಿಲ್ಲ. ನಿಮ್ಮಲ್ಲಿ ಹಳೆಯ ಕಲ್ಲೇನಾದರೂ ಉಂಟೋ ಎಂದು ಕೇಳಿಬಿಟ್ಟೆ. ಅವರ ಮುಖ ಅರಳಿತು. ಹಿತ್ತಿಲಲ್ಲಿ ಅಜ್ಜನ ಕಾಲದ ಬಾವಿಯಿದೆ, ಅದರ ಕಟ್ಟೆಯಲ್ಲಿ ಅಕ್ಷರವಿರುವ ಕಲ್ಲಿದೆ ಎಂದರು. ನಾನು ಗಂಭೀರವಾಗಿ ಹಿತ್ತಿಲ ಕಡೆ ಹೊರಟರೆ ತೋಳು ಹಿಡಿದು ಕೂರಿಸಿದರು. "ಪೈಲೆ ಖಾನಾ, ಪತ್ಥರ್ ಬಾದ್ ಮೆ, ಮಾಸ್ತರ್. ಊಟ ತಣ್ಣಗಾಗ್ತದೆ, ಕಲ್ಲು ತಣ್ಣಗಾಗೂದಿಲ್ಲ" ಎಂದರು. ಶಾವಿಗೆ ಬಿರಿಯಾನಿ ಎಂಬ ಪದಾರ್ಥ ಜಗತ್ತಿನಲ್ಲಿದೆ ಎಂದು ನನಗೆ ತಿಳಿದದ್ದು ಅವತ್ತು. ಕಲ್ಲಿನ ಮೇಲಿನ ಅಕ್ಷರ ಇವತ್ತಿಗೂ ತಿಳಿದಿಲ್ಲ.

ಅಲ್ಲಿಂದ ಮುಂದೆ ನನ್ನ ಸಂಶೋಧನೆಗೆ ಒಂದು ಪದ್ಧತಿ ಬಂತು. ಪ್ರಾಧ್ಯಾಪಕರು ಗುರುತು ಹಾಕಿಕೊಳ್ಳಬಹುದು: ನನ್ನ ಎಲ್ಲ ಕ್ಷೇತ್ರಕಾರ್ಯವೂ ಮಧ್ಯಾಹ್ನ ಹನ್ನೆರಡೂವರೆಗೆ ನಡೆದಿದೆ. ಸಂತೆಗುಳಿಯ ಭಟ್ಟರ ಮನೆಯಲ್ಲಿ ವೀರಗಲ್ಲೊಂದು ಬಟ್ಟೆ ಒಗೆಯುವ ಕಲ್ಲಾಗಿತ್ತು. ಅದನ್ನು ನೋಡಲು ಅವಸರ ಮಾಡಿದರೆ ಮನೆಯ ಅಮ್ಮ "ಕಲ್ಲು ಎಲ್ಲಿಗೂ ಹೋಗ್ತಿಲ್ಲೆ, ಮೊದ್ಲು ಆಸ್ರಿಗೆ ಕುಡೀರಿ" ಎಂದು ಮಾವಿನಕಾಯಿಯ ಅಪ್ಪೆಹುಳಿಯ ಚೊಂಬನ್ನೇ ಮುಂದಿಟ್ಟರು. ಅಪ್ಪೆಹುಳಿ ಕುಡಿದವನಿಗೆ ನಿದ್ದೆ ಬರುವುದು ನಿಮಗೆ ಗೊತ್ತೇ ಇದೆ. ಆ ವೀರ ಯಾವ ಯುದ್ಧದಲ್ಲಿ ಸತ್ತನೋ ನಾನು ವಿಚಾರಿಸಲಿಲ್ಲ; ಅವನ ಪಕ್ಕದ ಜಗಲಿಯಲ್ಲೇ ನಾನೂ ಸಂಜೆವರೆಗೆ ಬಿದ್ದುಕೊಂಡಿದ್ದೆ. ಅಪ್ಸರಕೊಂಡದ ಗುಹೆ ನೋಡಲು ಹೋದಾಗ ಪಾಂಡವರು ಇಲ್ಲಿ ತಂಗಿದ್ದರು ಎಂದರು. ಈ ಜಿಲ್ಲೆಯ ಪ್ರತಿ ಗುಹೆಯಲ್ಲೂ ಪಾಂಡವರು ತಂಗಿದ್ದಾರೆ. ನಾನು ಕೂಡಿಸಿ ನೋಡಿದ್ದೇನೆ, ಹನ್ನೆರಡು ವರ್ಷ ಸಾಲುವುದಿಲ್ಲ.

ಎಪ್ಪತ್ತೇಳರಲ್ಲಿ ಊರಿಗೇ ವರ್ಗವಾಗಿ ಬಂದೆ. ಇಲ್ಲಿ ನನ್ನ ಪದ್ಧತಿ ಸೋತಿತು. ಈ ಹೊನ್ನಾವರದಲ್ಲಿ ಯಾರ ಮನೆಯ ಎದುರುಬಾಗಿಲಲ್ಲಿ ನಿಂತು ಕೇಳಿದರೂ ಒಂದೇ ಉತ್ತರ: "ನಮ್ಮಲ್ಲಿ ಎಂತ ಉಂಟು ಮಾಸ್ತರೇ? ಎಂತದೂ ಇಲ್ಲ." ಗುರುತಿನವನಿಗೆ ಊಟವೂ ಇಲ್ಲ, ಇತಿಹಾಸವೂ ಇಲ್ಲ. ಹೀಗೆ ನಾಲ್ಕು ಆದಿತ್ಯವಾರ ಬರಿಗೈಯಲ್ಲಿ ಬಂದು ನಮ್ಮ ಹಿತ್ತಿಲ ಕಟ್ಟೆಯ ಮೇಲೆ ಮುಖ ಇಳಿಬಿಟ್ಟು ಕೂತಿದ್ದಾಗ, ಮೇಲಿನಕೇರಿಯ ನಮ್ಮ ಮನೆಗೆ ಮೀನು ತರುವ ಸುಬ್ಬಿ ಕೇಳಿದಳು: "ಎಂತ ಹುಡುಕ್ತಾ ಇದ್ರಿ ಮಾಸ್ತರೇ? ಎಂತಾರೂ ಕಳ್ದದ್ಯಾ?"

ನಾನು ಹೇಳಿದೆ. ಅವಳು ಬಂಗಡೆ ಎಣಿಸುತ್ತಲೇ ಮೇಲಿನಕೇರಿಯ ಮನೆಗಳ ಹೆಸರು ಹಿಡಿದು ಒಪ್ಪಿಸುತ್ತಾ ಹೋದಳು. ಇಂಥವರ ಬಚ್ಚಲ ಹಾಸುಗಲ್ಲನ್ನು ಮಗುಚಿ ಹಾಕಿದರೆ ಅಡಿಯಲ್ಲಿ ಅಕ್ಷರವಿದೆ. ಇಂಥವರ ಕೊಟ್ಟಿಗೆಯ ಹಿಂದಿನ ಪೊದೆಯೊಳಗೆ ಮೆಟ್ಟಿಲಿರುವ ಬಾವಿಯಿದೆ, ಅದಕ್ಕೆ ಮೀನಿನ ಕೆತ್ತನೆಯಿದೆ, ಕೆತ್ತಿದವನಿಗೆ ಮೀನು ಗೊತ್ತಿರಲಿಲ್ಲ, ರೆಕ್ಕೆ ತಪ್ಪು ಕಡೆ ಇಟ್ಟಿದ್ದಾನೆ. ಇನ್ನೊಬ್ಬರು ಮಿಡಿ ಉಪ್ಪಿನಕಾಯಿಯ ಭರಣಿಯಲ್ಲಿ ಉಪ್ಪುನೀರು ಮೇಲೆ ಬರಲೆಂದು ಒಂದು ಭಾರದ ಗುಂಡು ಇಟ್ಟಿದ್ದಾರೆ, ಅದು ಕಲ್ಲಲ್ಲ, ಕಬ್ಬಿಣ. ಸಭಿಕರೇ, ಅದು ಫಿರಂಗಿಯ ಗುಂಡು! ಯಾವ ಹಡಗನ್ನು ಮುಳುಗಿಸಲು ಬಂದಿತ್ತೋ ಪಾಪ, ಮಾವಿನ ಮಿಡಿಯನ್ನು ಮುಳುಗಿಸಿಕೊಂಡು ಕೂತಿದೆ.

ಇವಳಿಗೆ ಇದೆಲ್ಲ ಹೇಗೆ ಗೊತ್ತು? ಆಲೋಚಿಸಿದಾಗ ತಿಳಿಯಿತು. ನಮ್ಮ ಊರಲ್ಲಿ ಹಳೆಯ ವಸ್ತುವನ್ನು ಯಾರೂ ಎದುರುಬಾಗಿಲಲ್ಲಿ ಇಡುವುದಿಲ್ಲ. ಎದುರುಬಾಗಿಲಲ್ಲಿ ದುಬೈಯಿಂದ ಬಂದ ಟೇಪ್‌ರೆಕಾರ್ಡರು ಇರುತ್ತದೆ. ಇತಿಹಾಸವೆಲ್ಲ ಹಿತ್ತಿಲಲ್ಲಿ. ಮತ್ತು ಮೀನು ಮಾರುವವಳು ಯಾವ ಮನೆಯನ್ನೂ ಎದುರಿನಿಂದ ನೋಡಿಯೇ ಇಲ್ಲ. ಮಾಸ್ತರ ಎದುರಿಂದ ಹೋದ, ಅವಳು ಹಿಂದಿನಿಂದ ಹೋದಳು. ಯಾರಿಗೆ ಸಿಕ್ಕಬೇಕೋ ಅವರಿಗೆ ಸಿಕ್ಕಿತು.

ಆರು ವರ್ಷದಲ್ಲಿ ಒಂಬತ್ತು ಸ್ಥಳ. ಒಂಬತ್ತೂ ಸುಬ್ಬಿ ತೋರಿಸಿದ್ದು. ಪ್ರತಿ ಸ್ಥಳದ ಜೊತೆಗೆ ಆ ಮನೆಯ ಪಾಕವನ್ನೂ ಹೇಳುತ್ತಿದ್ದಳು: ಬಾವಿಯ ಮನೆಯವರು ಬಳಚು ಎಂಬ ಚಿಪ್ಪುಮೀನಿಗೆ ಮುರುಗಲು ಹುಳಿ ಹಾಕುತ್ತಾರೆ, ಗುಂಡಿನ ಮನೆಯವರು ಬಂಗಡೆಗೆ ಘಂ ಎನ್ನುವ ಜುಮ್ಮನಕಾಯಿ ಜಜ್ಜಿ ಹಾಕುತ್ತಾರೆ, ಅದಕ್ಕೇ ಅವರ ಓಣಿಯಲ್ಲಿ ಮಧ್ಯಾಹ್ನ ನಡೆಯುವವರು ನಿಧಾನ ನಡೆಯುತ್ತಾರೆ. ನಾನು ಅದನ್ನೆಲ್ಲ ವಾರಪತ್ರಿಕೆಗೆ ಬರೆದೆ. ಶೋಧಕರ ಹೆಸರು ಎಂದು ನನ್ನದನ್ನು ದಪ್ಪ ಅಕ್ಷರದಲ್ಲಿ ಹಾಕಿದರು. ಅವಳನ್ನು 'ಸ್ಥಳೀಯರೊಬ್ಬರು' ಎಂದು ಕರೆದೆ. ಹೆಸರು ಹಾಕಲು ಜಾಗ ಇರಲಿಲ್ಲವೇ? ಇತ್ತು. ಪಾಕಕ್ಕೆ ಅರ್ಧ ಪುಟ ಇತ್ತು.

ಈಗ ಹತ್ತನೆಯದು. ಇದೊಂದನ್ನು ಮಾತ್ರ ಯಾರ ನೆರವೂ ಇಲ್ಲದೆ ನಾನೇ ಕಂಡುಹಿಡಿದೆ. ಬಂದರದಿಂದ ಮೇಲಿನಕೇರಿಗೆ ಏರುವ ದಿಬ್ಬದ ಅರ್ಧದಲ್ಲಿ, ತಿರುವಿನಲ್ಲಿ ನೀವೆಲ್ಲ ನೋಡಿದ್ದೀರಿ: ಎರಡು ಕಂಬಗಲ್ಲು, ಮೇಲೊಂದು ಅಡ್ಡ ಹಾಸುಗಲ್ಲು, ಆಳಿನ ಹೆಗಲೆತ್ತರ. ಹೋದ ವರ್ಷ ಚೌತಿಯ ರಜೆಯಲ್ಲಿ ನಾನು ಅದರ ಮುಂದೆ ನಿಂತೆ. ಮೇಲೆ ನುಣುಪಾದ ದುಂಡನೆಯ ಗುರುತು. ದಾರ ಹಿಡಿದು ಸುತ್ತಳತೆ ತೆಗೆದು, ಮೂರೂ ಒಂದು ಏಳಾಂಶದಿಂದ ಭಾಗಿಸಿ, ವ್ಯಾಸ ಒಂದೂವರೆ ಅಡಿ ಎಂದು ಕಂಡುಕೊಂಡೆ. ಇದು ರಾಣಿಯೊಬ್ಬಳ ವಿಜಯಪೀಠ, ದುಂಡನೆಯ ಗುರುತು ಅಭಿಷೇಕದ ಕಲಶ ಕೂತದ್ದು, ಕಪ್ಪು ಕಲೆಗಳು ಶತಮಾನಗಳ ಎಣ್ಣೆ ಎಂದು ಬರೆದೆ. ಕಲ್ಲಿನ ಸುತ್ತ ಯಾವಾಗಲೂ ಐದಾರು ಬೆಕ್ಕು ಕೂತಿರುತ್ತಿದ್ದವು. ಮೂಕಪ್ರಾಣಿಗಳು ಸಹ ಈ ಸ್ಥಳದ ಶಕ್ತಿಯನ್ನು ಅರಿತಂತಿವೆ ಎಂದೂ ಬರೆದೆ. ಪ್ರಾಧ್ಯಾಪಕರು ನಗುತ್ತಿದ್ದಾರೆ. ಬಾಗಿಲ ಬಳಿಯ ತಾಯಂದಿರು ನಗುವುದು ಶುರುಮಾಡಿ ಆಗಲೇ ಸ್ವಲ್ಪ ಹೊತ್ತಾಯಿತು.

ಹೌದು. ವ್ಯಾಸ ಒಂದೂವರೆ ಅಡಿ ಎಂದರೆ ಮೀನುಬುಟ್ಟಿಯ ತಳ. ಕಲೆ ಮೀನಿನ ನೀರು. ಬೆಕ್ಕು ಬೆಕ್ಕೇ.

ಅದು ಹೊರೆ ಇಳಿಸುವ ಕಲ್ಲು. ಮಣಭಾರ ಹೊತ್ತ ಹೆಂಗಸು ಒಬ್ಬಳೇ ಬುಟ್ಟಿಯನ್ನು ನೆಲಕ್ಕೆ ಇಳಿಸಲಾರಳು. ಹೇಗೋ ಇಳಿಸಿದರೂ ಒಬ್ಬಳೇ ಮತ್ತೆ ತಲೆಗೆ ಏರಿಸಲಾರಳು. ಮನೆಯೆದುರಾದರೆ ಒಬ್ಬರು ಕೈ ಕೊಡುತ್ತಾರೆ. ದಿಬ್ಬದ ನಡುವೆ ಯಾರಿದ್ದಾರೆ? ಹೆಗಲೆತ್ತರದ ಕಲ್ಲಿದ್ದರೆ, ತುಸು ಮಂಡಿ ಬಗ್ಗಿಸಿ ಬುಟ್ಟಿಯನ್ನು ಅದರ ಮೇಲೆ ಜಾರಿಸಬಹುದು. ಉಸಿರು ತೆಗೆದುಕೊಂಡು, ಸಿಂಬೆ ಸರಿಮಾಡಿಕೊಂಡು, ತಲೆ ಒಡ್ಡಿ ಮತ್ತೆ ಎಳೆದುಕೊಳ್ಳಬಹುದು. ಅಕ್ಕಿ, ಉಪ್ಪು, ಕಟ್ಟಿಗೆಯ ಹೊರೆಗಳೆಲ್ಲ ಟೆಂಪೊ ಹತ್ತಿದ ಮೇಲೆ ಆ ಕಲ್ಲನ್ನು ಬಳಸುವವರು ಇಬ್ಬರೋ ಮೂವರೋ ಉಳಿದರು. ಅವರು ಬರುವುದು ಬೆಳಿಗ್ಗೆ ಹತ್ತಕ್ಕೆ. ಆಗ ನಾನು ಶಾಲೆಯಲ್ಲಿ ಬೈಜಿಕ ಸಮೀಕರಣ ಬಿಡಿಸುತ್ತಿರುತ್ತೇನೆ. ಆದ್ದರಿಂದ ನನಗೆ ಗೊತ್ತಾಗಲಿಲ್ಲ.

ಹೀಗೆ ಎಲ್ಲರ ಮುಂದೆ ಹೇಳುವುದೆಂದು ಬರೆದುಕೊಂಡು ಬಂದಿದ್ದೆ. ಈ ಚೀಟಿಯಲ್ಲಿ ಹಾಗೇ ಇದೆ, 'ಆದ್ದರಿಂದ ನನಗೆ ಗೊತ್ತಾಗಲಿಲ್ಲ'. ಚೀಟಿಯನ್ನು ಜೇಬಿಗೆ ಹಾಕುತ್ತೇನೆ.

ನನ್ನ ಹೆತ್ತ ಅವ್ವಿ, ಗಂಗೆ ಎಂದು ಹೆಸರು, ಕುಮಟೆಯ ಹತ್ತಿರದವಳು. ಕುಮಟೆಯ ಈರುಳ್ಳಿಯ ಜಡೆಗಳನ್ನು ಬುಟ್ಟಿಗೆ ತುಂಬಿ ಪೇಟೆಗೆ ಹೊರುತ್ತಿದ್ದಳು. ಆ ಈರುಳ್ಳಿಯ ಹಣದಲ್ಲಿ ನಾನು ಹೈಸ್ಕೂಲಿಗೆ ಹೋದೆ. ಪೇಟೆಯ ದಾರಿಯೂ ಶಾಲೆಯ ದಾರಿಯೂ ಒಂದೇ. ನಾನು ಅವಳಿಂದ ಇಪ್ಪತ್ತು ಮಾರು ಹಿಂದೆ ನಡೆಯುತ್ತಿದ್ದೆ. ಯಾಕೆಂದು ಅವಳು ಕೇಳಲಿಲ್ಲ. ದಾರಿಯಲ್ಲಿ ಇಂಥದೇ ಒಂದು ಕಲ್ಲಿತ್ತು. ಅಲ್ಲಿ ಅವಳು ಬುಟ್ಟಿ ಇಳಿಸಿ ನಿಂತಾಗ ನಾನೂ ದೂರದಲ್ಲೇ ನಿಂತು, ಚಪ್ಪಲಿಗೆ ಮುಳ್ಳು ಹೊಕ್ಕಿದೆ ಎಂಬಂತೆ ಕಾಲು ಎತ್ತಿ ನೋಡಿಕೊಳ್ಳುತ್ತಿದ್ದೆ. ನನಗೆ ಚಪ್ಪಲಿಯೇ ಇರಲಿಲ್ಲ. ಆ ಕಲ್ಲು ನೆನಪಾದದ್ದು ಲೇಖನ ಅಚ್ಚಾದ ಮೇಲೆ ಎಂದು ನನ್ನ ಹೆಂಡತಿ ಮಹಾಲಕ್ಷ್ಮಿಗೆ ಹೇಳಿದ್ದೇನೆ. ಅವಳು ಅಲ್ಲಿ ಕೂತಿದ್ದಾಳೆ. ನಿಜವನ್ನು ಅವಳೂ ಇವತ್ತೇ ಕೇಳುತ್ತಿದ್ದಾಳೆ. ನೆನಪಾದದ್ದು ದಾರ ಹಿಡಿದು ಅಳೆಯುವಾಗಲೇ. ರಾಣಿ ಎಂದು ಬರೆದರೆ ಚೆನ್ನಾಗಿರುತ್ತದೆ ಅನ್ನಿಸಿತು.

ಲೇಖನ ಬಂದ ಮೇಲೆ ವೆಂಕಟನಿಗೂ ಸಂಘಕ್ಕೂ ಉತ್ಸಾಹ ಬಂತು. ದೀಪಾವಳಿಯ ಹೊತ್ತಿಗೆ ಕಲ್ಲಿನ ಸುತ್ತ ಮುಳ್ಳುತಂತಿ, ನೀಲಿ ಹಲಗೆ, ಅದರ ಮೇಲೆ 'ಮುಟ್ಟಬಾರದು'. ಒಳ್ಳೆಯ ಮನಸ್ಸಿನಿಂದಲೇ ಮಾಡಿದರು. ಆ ವಾರದಿಂದ ಸುಬ್ಬಿ ಬರಲಿಲ್ಲ. "ಹೌದ್ರಾ, ಸುಬ್ಬಿ ಯಾಕೆ ಬತ್ತಿಲ್ಲ? ನೀವೆಂತಾರೂ ಅಂದ್ರಾ?" ಎಂದು ಮಹಾಲಕ್ಷ್ಮಿ ಕೇಳಿದಳು. ಮೀನು ಕಡಿಮೆ ಬಿದ್ದಿರಬೇಕು ಎಂದೆ. ಸಮುದ್ರದ ಮೇಲೂ ತಪ್ಪು ಹೊರಿಸಿದ ಮನುಷ್ಯ ನಾನು.

ಒಂದು ತಿಂಗಳ ಹಿಂದೆ ಬಂದರದ ಕಡೆ ಹೋದೆ. ದಿಬ್ಬದ ಬುಡದಲ್ಲಿ ಸುಬ್ಬಿ ಬುಟ್ಟಿಯ ಪಕ್ಕ ಕೂತಿದ್ದಳು. ಅರವತ್ತರ ಹತ್ತಿರದವಳು. ನಡುವೆ ಇಳಿಸದೆ ಪೂರಾ ದಿಬ್ಬ ಏರಲು ಅವಳಿಂದ ಆಗುವುದಿಲ್ಲ. ಮೇಲಿನಕೇರಿಯ ಅವಳ ಮೂವತ್ತು ಮನೆ, ಮೂವತ್ತು ಹಿತ್ತಿಲು, ಮೂರು ತಿಂಗಳಿಂದ ಅವಳಿಗಿಲ್ಲ. ನನ್ನನ್ನು ನೋಡಿ ಬಯ್ಯಲಿಲ್ಲ. ಬೈದಿದ್ದರೆ ಈ ಭಾಷಣ ಇಷ್ಟು ಉದ್ದವಾಗುತ್ತಿರಲಿಲ್ಲ. ಕೇಳಿದಳು:

"ಮಾಸ್ತರೇ, ನಿಮ್ಮ ರಾಣಿ ಎಷ್ಟು ವರ್ಷದ ಹಿಂದಿನವ್ಳು?"

ನಾಲ್ಕು ನೂರು ಎಂದೆ.

"ಹೌದ್ರಾ. ಅವ್ಳಿಗೆ ಹೊರೆ ಇಳಿಸೂಕೆ ಆಳಿದ್ರು. ನಂಗೆ ಆ ಕಲ್ಲೊಂದೇ ಇತ್ತು."

ಆಮೇಲೆ ಆ ಕಲ್ಲಿನ ಕಥೆ ಹೇಳಿದಳು. ಅವಳ ಅತ್ತೆಯ ತಂದೆ ಶನಿಯಾರ ಎಂಬವನಿಗೆ ಹಮ್ಮ ಎಂದು ಹಿರಿಯ ಮಗಳು. ಬಸುರಿ. ತುಂಬಿದ ಬುಟ್ಟಿ ಹೊತ್ತು ದಿಬ್ಬ ಏರುವಾಗ ತಿರುವಿನಲ್ಲಿ ನೋವು ಬಂತು. ಇಳಿಸಿಕೊಳ್ಳಲು ಕೂಗಿದಳು. ಹತ್ತಿರ ಯಾರೂ ಇರಲಿಲ್ಲ. ಹೊರೆಯ ಸಮೇತ ಬಿದ್ದಳು. ತಾಯಿಯೂ ಉಳಿಯಲಿಲ್ಲ, ಮಗುವೂ ಉಳಿಯಲಿಲ್ಲ. ಶನಿಯಾರ ಆ ವರ್ಷ ದೋಣಿಗೆ ಹೋಗಲಿಲ್ಲ. ಕಲ್ಲು ಕಡಿದು, ಎಳೆದು ತಂದು, ಅವಳು ಬಿದ್ದ ಜಾಗದಲ್ಲೇ ನಿಲ್ಲಿಸಿದ. ಯಾರೂ ಇಲ್ಲದ ಹೊತ್ತಿಗೆ ಕಲ್ಲಾದರೂ ಇರಲಿ ಎಂದನಂತೆ.

ಪ್ರಾಧ್ಯಾಪಕರೇ, ನಮ್ಮ ಊರಿನ ಹತ್ತು ಗುಪ್ತ ಸ್ಥಳಗಳಲ್ಲಿ ನಿಜವಾಗಿ ಯಾರ ಕೆಲಸ, ಯಾತಕ್ಕೆ ಮಾಡಿದ್ದು ಎಂದು ಪೂರಾ ಗೊತ್ತಿರುವುದು ಇದೊಂದೇ. ಇದೊಂದನ್ನೇ ನಾನು ಸುಳ್ಳಾಗಿ ಬರೆದೆ. ಇದನ್ನು ನನಗೆ ಮೊದಲೇ ಯಾಕೆ ಹೇಳಲಿಲ್ಲ ಸುಬ್ಬಿ ಎಂದರೆ, "ನೀವ್ ಕೇಳಿದ್ರಾ? ಹಿತ್ಲಲ್ಲಿದ್ದ ಕಲ್ಲೆಲ್ಲಾ ಕೇಳಿದ್ರಿ. ದಾರಿ ಮೇಲಿನ ಕಲ್ಲ ಕೇಳ್ಲಿಲ್ಲ" ಎಂದಳು.

ಮರುದಿನವೇ ತಂತಿ ತೆಗೆಸುತ್ತೇನೆ ಎಂದು ಮಾತು ಕೊಟ್ಟೆ. ಮರುದಿನ ವೆಂಕಟನ ಮನೆಗೆ ಹೋದೆ ಕೂಡ. ಅವನು ಈ ಸನ್ಮಾನದ ಆಮಂತ್ರಣ ಪತ್ರಿಕೆ ತೋರಿಸಿದ. ನನ್ನ ಹೆಸರು ಬಂಗಾರದ ಬಣ್ಣದಲ್ಲಿತ್ತು. ಅವನ ತಾಯಿ ಬಿಸಿ ಬನ್ಸು ತಂದಿಟ್ಟರು. ಮೂರು ಬನ್ಸು ತಿಂದು, ಚಹ ಕುಡಿದು, ಎಂತದೂ ಹೇಳದೆ ಬಂದೆ. ಸಭಿಕರೇ, ಜನ ಲಂಚಕ್ಕೆ ಮಾರಿಕೊಳ್ಳುತ್ತಾರೆ, ಪದವಿಗೆ ಮಾರಿಕೊಳ್ಳುತ್ತಾರೆ. ಬನ್ಸಿಗೆ ಮಾರಿಕೊಂಡವನನ್ನು ನೀವು ಇವತ್ತು ಹಾರ ಹಾಕಿ ಕೂರಿಸಿದ್ದೀರಿ.

ಇಷ್ಟು ಹೊತ್ತು ಬಳಸಿದೆ, ಈಗ ಬಂದು ಮುಟ್ಟಿದೆ. ಸಂಘದ ಸಭೆಗಳಲ್ಲಿ ಪದ್ಧತಿ ಇರುವಂತೆ ಒಂದು ಠರಾವು ಮಂಡಿಸುತ್ತೇನೆ. ಒಂದು, ನಾಳೆ ಅಡಿಗಲ್ಲು ಬೇಡ. ಮಂಟಪ ಬೇಡ. ಎರಡು, ತಂತಿ ತೆಗೆಯಬೇಕು. ಅಧ್ಯಕ್ಷರ ಸಿಮೆಂಟಿಗೆ ಅವಮಾನ ಆಗಬಾರದು: ದಿಬ್ಬದ ಆ ತಿರುವಿನಲ್ಲಿ ಮಳೆಗಾಲಕ್ಕೆ ಕಾಲು ಜಾರುತ್ತದೆ, ಅಲ್ಲಿ ಮೆಟ್ಟಿಲಾಗಲಿ. ಮೂರನೆಯದು, ನನ್ನ ತಿದ್ದುಪಡಿ ಅದೇ ಪತ್ರಿಕೆಯಲ್ಲಿ ಬರುತ್ತದೆ. ಬರೆದು ಅಂಚೆಗೆ ಹಾಕಿಯೇ ಇಲ್ಲಿಗೆ ಬಂದೆ, ಇನ್ನೊಮ್ಮೆ ಬನ್ಸು ಅಡ್ಡ ಬರಬಾರದಲ್ಲ. ಒಪ್ಪಿಗೆಯಿದ್ದವರು ಕೈ ಎತ್ತಬೇಕು.

ಪ್ರಾಧ್ಯಾಪಕರು ಎತ್ತಿದರು. ಅವರಿಗೆ ಈ ಸಂಘದಲ್ಲಿ ಮತವಿಲ್ಲ, ಆದರೂ ವಂದನೆಗಳು. ಹಿಂದಿನ ಸಾಲು ಪೂರಾ ಎತ್ತಿದೆ. ಅಧ್ಯಕ್ಷರು... ಎರಡು ಕೈ ಬೇಡ ಶಾನಭಾಗರೇ, ಒಂದು ಸಾಕು. ವೆಂಕಟ, ನೀನು ತಲೆ ತಗ್ಗಿಸಿ ಕೂರಬೇಡ. ನಿನ್ನ ತಪ್ಪು ಇಷ್ಟೇ, ನಿನ್ನ ಮಾಸ್ತರ ಬರೆದದ್ದನ್ನು ನಂಬಿದೆ. ಆತು, ನೀನೂ ಎತ್ತಿದೆ. ಠರಾವು ಪಾಸಾಯಿತು.

ಒಂದು ಮಾತು ಉಳಿದಿದೆ. ನೀಲಿ ಹಲಗೆಯ ಮೇಲೆ ರಾಣಿಯ ಹೆಸರು ಅಳಿಸಿ ಶನಿಯಾರನ ಹೆಸರು, ಹಮ್ಮಳ ಹೆಸರು ಬರೆಸುವ ಎಂದು ನಿನ್ನೆ ಸುಬ್ಬಿಗೆ ಹೇಳಿದೆ. ದೊಡ್ಡ ಉಪಕಾರ ಮಾಡುವವನ ಗತ್ತಿನಲ್ಲೇ ಹೇಳಿದೆ. ಅವಳು ಒಪ್ಪಲಿಲ್ಲ. "ಎಂತದೂ ಬರಿಬೇಡಿ. ಬರ್ದ್ರೆ ನೋಡೂಕೆ ಜನ ಬತ್ರು. ಅವ್ರು ಅಲ್ಲಿ ನಿಂತ್ಕಂಡ್ರೆ ನಾ ಬುಟ್ಟಿ ಎಲ್ಲಿ ಇಡೂದು?" ಎಂದಳು.

ಆದ್ದರಿಂದ ಹಲಗೆಯೂ ಬೇಡ. ನಾಳೆ ಒಂಬತ್ತಕ್ಕೆ ಬರುವವರು ಹೂಮಾಲೆ ತರಬೇಡಿ, ಇಕ್ಕಳ ತನ್ನಿ. ಒಂಬತ್ತೂಮುಕ್ಕಾಲರ ಒಳಗೆ ತಂತಿ ಸುತ್ತಿಟ್ಟು ಅಲ್ಲಿಂದ ಹೊರಟುಬಿಡೋಣ. ಹತ್ತಕ್ಕೆ ಅವಳು ಬರುತ್ತಾಳೆ. ಅವಳು ಬುಟ್ಟಿ ಇಳಿಸುವಾಗ ಅಲ್ಲಿ ನಾನಿರಬಾರದು, ನೀವೂ ಇರಬಾರದು. ಬೆಕ್ಕುಗಳಿಗೆ ಆಕ್ಷೇಪಣೆ ಇಲ್ಲ.

ತಾಳ್ಮೆಯಿಂದ ಕೇಳಿದ್ದಕ್ಕೆ, ಕೈ ಎತ್ತಿದ್ದಕ್ಕೆ ತಮಗೆಲ್ಲ ಕೃತಜ್ಞತೆ. ಬಾಗಿಲ ಬಳಿ ಕೂತಿದ್ದ ಸುಬ್ಬಿ ಎದ್ದು ಹೊರಟಿದ್ದಾಳೆ, ಬೆಳಗಿನ ದೋಣಿಗೆ ಬೇಗ ಹೋಗಬೇಕಲ್ಲ. ಅವಳಿಗೆ ದಾರಿ ಬಿಡಿ. ನಮಸ್ಕಾರ.